ಟಾರ್ಚಕ್ಕನ ಐದು ಚುಕ್ಕಿಗಳು

ಬಿಗಿ ಮಾಡಿದ್ನಾ?

ಬೆಳಗಿನ ಐದು ಗಂಟೆಗೆ ಕಣ್ಣು ಬಿಡುತ್ತಲೇ ಟಾರ್ಚಕ್ಕನ ಮನಸ್ಸಿನಲ್ಲಿ ಎದ್ದು ಕೂರುವ ಮೊದಲ ಮಾತು ಇದು. ಪಕ್ಕದಲ್ಲಿ ಮಲಗಿರುವ ಗಂಡನಿಗೂ ಕೇಳಿಸದಂತೆ, ತುಟಿ ಕೂಡ ಅಲುಗಿಸದೆ, ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ. ನಿನ್ನೆ ಹೋದ ಬಿಳಿ ಕಾರಿನ ಆಯಿಲ್ ಮುಚ್ಚಳ? ಮೊನ್ನೆ ಹೋದ ಶಾಲೆಯ ವ್ಯಾನಿನ ಚಕ್ರಗಳು? ಹೊದಿಕೆಯ ಒಳಗೇ ಬಲಗೈ ಸ್ಪ್ಯಾನರ್ ಹಿಡಿದ ಹಾಗೆ ಮಡಚಿಕೊಳ್ಳುತ್ತದೆ. ಒಂದು, ಎರಡು, ಮೂರು, ನಾಲ್ಕು, ಐದು. ಕೈಗೆ ಎಲ್ಲವೂ ನೆನಪಿರುತ್ತದೆ; ತಲೆಗೆ ಮಾತ್ರ ನಂಬಿಕೆ ಬರುವುದಿಲ್ಲ. ಮಾಡಿದ್ದೇನೆ. ಮಾಡಿದ್ದೇನೆ ಅಲ್ವಾ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಎಲ್ಲರಿಗೂ ಗೊತ್ತು. ಕುಂಬಳಕಾಯಿಯನ್ನು ಕಣ್ಣಿನಿಂದಲೂ ನೋಡದೆ, ಯಾರೂ ಏನೂ ಅನ್ನುವ ಮೊದಲೇ ಹೆಗಲು ಒರೆಸಿಕೊಳ್ಳುವವರೂ ಇರುತ್ತಾರೆ. ಟಾರ್ಚಕ್ಕ ಆ ಪೈಕಿ. ಈ ಅಳುಕನ್ನು ಅವರು ಗಂಡನ ಮುಂದೆಯಾಗಲೀ ಅತ್ತೆಯ ಮುಂದೆಯಾಗಲೀ ಆಡಿದವರಲ್ಲ. ಮೆಕ್ಯಾನಿಕ್ಕಿಗೇ ಅನುಮಾನ ಅಂತ ಗೊತ್ತಾದರೆ ಗಾಡಿ ತರುವವರು ಯಾರು?

ಐದೂವರೆಗೆ ಅಂಗಳದಲ್ಲಿ ನಿಂತ ನೀಲಿ ಕಾರಿನ ಅಡಿಯಿಂದ ಎರಡು ಪಾದಗಳು ಮಾತ್ರ ಕಾಣುತ್ತವೆ. ಒಂದಕ್ಕೆ ಕಂದು ಕಾಲುಚೀಲ, ಇನ್ನೊಂದಕ್ಕೆ ಬೂದು. ಬೆನ್ನಿನ ಕೆಳಗೆ ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿದ್ದಾರೆ. ಹಲ್ಲಿನ ನಡುವೆ ಬೆರಳುದ್ದದ ಟಾರ್ಚು. ಬೀದಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹಾಲಿನ ಸೈಕಲ್ಲಿನ ಗಂಟೆ ಬಿಟ್ಟರೆ ಸದ್ದಿಲ್ಲ. ಕಾರಿನ ಅಡಿಯಿಂದ ಟಿಕ್, ಟಿಕ್, ಟಿಕ್ ಅಂತ ಒಂದೇ ಅಳತೆಯ ಶಬ್ದ ಬರುತ್ತಿದೆ.

ಅಡುಗೆಮನೆಯ ಕಿಟಕಿಯಿಂದ ಅತ್ತೆಯ ದನಿ ಬರುತ್ತದೆ.

"ಇದ್ದೀಯೇನೇ?"

"ಹ್ಞೂಂ."

"ಹಾಗಾದ್ರೆ ಟೀಗೆ ನೀರಿಡ್ತೀನಿ."

ಇದು ದಿನವೂ ನಡೆಯುವ ಸಂಭಾಷಣೆ. ಕಾರಿನ ಕೆಳಗೆ ಹೋದವರನ್ನು ಕಾಲು ಗಂಟೆಗೊಮ್ಮೆ ಕೂಗಿ ಮಾತಾಡಿಸಬೇಕು ಅನ್ನುವುದು ಎಪ್ಪತ್ತಾರು ವರ್ಷದ ಆ ಹಿರಿಯರ ಕಟ್ಟಳೆ. "ಜಾಕು ನಂಬೋ ಸಾಮಾನಲ್ಲಮ್ಮ. ಇವಳ ಮಾವನ್ನೂ ಹೀಗೇ ಕೇಳ್ತಿದ್ದೆ. ಅವರು 'ಇಲ್ಲ, ಸತ್ತೆ' ಅಂತಿದ್ರು. ಆಗಲೂ ಟೀ ಇಡ್ತಿದ್ದೆ."

ಇಷ್ಟು ಬೇಗ ಯಾಕೆ ಕೆಲಸ ಶುರು ಮಾಡುತ್ತೀರಿ ಅಂದರೆ ಟಾರ್ಚಕ್ಕ ಕಾರಿನ ಅಡಿಯಿಂದಲೇ ಉತ್ತರಿಸುತ್ತಾರೆ. ಮುಖ ಕಾಣದಿದ್ದರೆ ಅವರಿಗೆ ಮಾತು ಸುಲಭ. "ಏಳು ಗಂಟೆವರೆಗೆ ನಾನು ಮೆಕ್ಯಾನಿಕ್ಕು. ಏಳಾದ ಮೇಲೆ ವಿಚಾರಣೆ ಕೌಂಟರು."

ಇದು ಗ್ಯಾರೇಜಲ್ಲ, ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದೂವರೆ ಕಾರು ಹಿಡಿಯುವಷ್ಟು ಅಂಗಳ. ಎರಡನೆಯ ಕಾರು ಬಂದರೆ ಅದರ ಬಾಲ ಬೀದಿಯಲ್ಲಿ ಉಳಿಯುತ್ತದೆ. ತಲೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗ. ಬಾನೆಟ್ ಎತ್ತಿದರೆ ಅದು ಗಂಡನ ಶರ್ಟಿಗೆ ತಾಗುತ್ತದೆ. ಚಪ್ಪಲಿ ಗೂಡಿನಲ್ಲಿ ಸ್ಪ್ಯಾನರುಗಳು ಅಳತೆಯ ಪ್ರಕಾರ ಮಲಗಿವೆ; ಚಪ್ಪಲಿಗಳು ಮೆಟ್ಟಿಲ ಮೇಲೆ ಸಿಕ್ಕಲ್ಲಿ ಬಿದ್ದಿವೆ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಜಾಮಿನ ಬಾಟಲಿಗಳ ಸಾಲು: ಒಂದರಲ್ಲಿ ಸಕ್ಕರೆ, ಮುಂದಿನದರಲ್ಲಿ ವಾಷರು, ಅದರ ಮುಂದಿನದರಲ್ಲಿ ಉಪ್ಪು, ಆಮೇಲೆ ನಟ್ಟು. ಅಪರೂಪಕ್ಕೆ ಬಂದ ನೆಂಟರೊಬ್ಬರ ಟೀಯಲ್ಲಿ ವಾಷರ್ ಸಿಕ್ಕಿದ ಕಥೆ ಈಗಲೂ ಬಳಗದಲ್ಲಿ ಓಡಾಡುತ್ತಿದೆ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ," ಅನ್ನುತ್ತಾರೆ ಅತ್ತೆ. "ಕೈ ಗ್ರೀಸಾದರೆ ಬಾಯಿ ಏನಾಗುತ್ತೆ ಅಂತ ದೊಡ್ಡವರು ಯಾರೂ ಹೇಳಿಟ್ಟು ಹೋಗಲಿಲ್ಲ."

ಟಾರ್ಚಕ್ಕ ಅನ್ನುವ ಹೆಸರಿಗೆ ಇಪ್ಪತ್ತೆರಡು ವರ್ಷ. ಮದುವೆಯಾಗಿ ಈ ಮನೆಗೆ ಬಂದಾಗ ಇದೇ ಅಂಗಳದಲ್ಲಿ ಮಾವ ಕಾರುಗಳನ್ನು ರಿಪೇರಿ ಮಾಡುತ್ತಿದ್ದರು. ಟಾರ್ಚ್ ಹಿಡಿಯಲು ಒಬ್ಬರು ಬೇಕಾಗಿತ್ತು. ಮಗ, ಅಂದರೆ ಟಾರ್ಚಕ್ಕನ ಗಂಡ, ಹಿಡಿದರೆ ಬೆಳಕು ಅಪ್ಪನ ಕಣ್ಣಿಗೇ ಹೊಡೆಯುತ್ತಿತ್ತು. ಅವರು ಆಗಲೇ ಸೂಜಿ ದಾರದ ಕಡೆ ವಾಲಿದ್ದರು. ಈಗ ಅವರು ಬೀದಿಯ ಇನ್ನೊಂದು ತುದಿಯಲ್ಲಿ ಟೈಲರ್. "ನಾನು ಹರಿದದ್ದು ಹೊಲೀತೀನಿ, ಇವಳು ಮುರಿದದ್ದು ಜೋಡಿಸ್ತಾಳೆ. ನಮ್ಮ ಮನೆಗೆ ಹೊಸದು ಅಂತ ಒಂದೂ ಬರಲ್ಲ," ಅಂತ ಅವರೇ ನಗುತ್ತಾರೆ.

ಹೊಸ ಸೊಸೆಯ ಕೈಗೆ ಒಂದು ಸಂಜೆ ಟಾರ್ಚು ಬಂತು. ಆಮೇಲೆ ಅದು ಹನ್ನೊಂದು ವರ್ಷ ಕೈ ಬಿಡಲಿಲ್ಲ.

"ಟಾರ್ಚ್ ಹಿಡಿಯೋದು ಅಂದ್ರೆ ಸುಮ್ನೆ ಅಲ್ಲ," ಅನ್ನುತ್ತಾರೆ ಟಾರ್ಚಕ್ಕ, ಕಾರಿನ ಅಡಿಯಿಂದ ಜಾರಿ ಹೊರಬಂದು ಎದ್ದು ಕೂರುತ್ತಾ. ಹಣೆಯ ಮೇಲೊಂದು ಕರಿಗೆರೆ. "ಮಾವನ ಕೈ ಈಗ ಎಲ್ಲಿದೆಯೋ ಅಲ್ಲಿಗೆ ಬೆಳಕು ಬಿಟ್ರೆ ಬೈತಿದ್ರು. ಮುಂದೆ ಎಲ್ಲಿಗೆ ಹೋಗುತ್ತೋ ಅಲ್ಲಿ ಬೆಳಕು ಮೊದಲೇ ಕಾಯ್ತಿರಬೇಕು. ಅಂದ್ರೆ, ಮುಂದೆ ಏನು ಬಿಚ್ತಾರೆ ಅಂತ ನನಗೆ ಗೊತ್ತಿರಬೇಕಲ್ಲ? ಹಾಗೇ ಕಲ್ತೆ. ಯಾರೂ ಕಲಿಸಲಿಲ್ಲ, ಯಾರೂ ಬೇಡ ಅನ್ನಲಿಲ್ಲ."

ಮಾವನ ಮಂಡಿ ಸೋತ ಮೇಲೆ ಅವರು ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ತೋರಿಸಿದರು, ಸೊಸೆ ಬಿಚ್ಚಿದರು. ಒಂದು ದಿನ ಕೋಲು ಎತ್ತುವ ಮೊದಲೇ ಸೊಸೆಯ ಸ್ಪ್ಯಾನರು ಸರಿಯಾದ ನಟ್ಟಿನ ಮೇಲೆ ಕೂತಿತ್ತು. ಮಾವ ಕೋಲನ್ನು ಗೋಡೆಗೆ ಒರಗಿಸಿದರು. ಮತ್ತೆ ಎತ್ತಲಿಲ್ಲ. ಅದಾಗಿ ಹನ್ನೊಂದು ವರ್ಷ. ಆ ಕೋಲು ಈಗ ಅತ್ತೆಯ ಕೈಯಲ್ಲಿದೆ. ಅದರ ಉಪಯೋಗ ಮುಂದೆ ಬರುತ್ತದೆ.

ಏಳು ಗಂಟೆ. ಮಾತಿನಂತೆ ಗೇಟು ಕಿರುಗುಟ್ಟುತ್ತದೆ. ಹೆಲ್ಮೆಟ್ಟು ಕೂಡ ತೆಗೆಯದೆ ಒಬ್ಬರು ಇಣುಕುತ್ತಾರೆ.

"ಅಕ್ಕಾ, ಎರಡೇ ನಿಮಿಷದ ಕೆಲಸ."

"ಏನಾಗಿದೆ?"

"ಏನೂ ಆಗಿಲ್ಲ. ಸ್ಟಾರ್ಟ್ ಆಗ್ತಿಲ್ಲ ಅಷ್ಟೆ."

ಮನೆಯಲ್ಲಿ ಗಾಡಿ ರಿಪೇರಿ ಮಾಡುವವರ ಗೋಳು ಗ್ಯಾರೇಜಿನವರಿಗೆ ಅರ್ಥವಾಗುವಂಥದ್ದಲ್ಲ. ಗ್ಯಾರೇಜಿಗೆ ಬಾಗಿಲಿದೆ, ಮುಚ್ಚುವ ಹೊತ್ತಿದೆ. ಮನೆಗೆ ಬಾಗಿಲಿದ್ದರೂ ಅದನ್ನು ತಟ್ಟುವುದು ಹಕ್ಕು. ಟಾರ್ಚಕ್ಕ ಒಂದು ಸೋಮವಾರ ಎಣಿಸಿದರಂತೆ: ಗೇಟು ತೆರೆದದ್ದು ಹದಿನೇಳು ಸಲ, ಅದರಲ್ಲಿ 'ಎರಡೇ ನಿಮಿಷ' ಒಂಬತ್ತು, 'ಸುಮ್ನೆ ಒಂದ್ಸಲ ಸೌಂಡ್ ಕೇಳಿ' ಐದು. ಉಳಿದ ಮೂರು ಸಲ ಬಂದದ್ದು ಪಕ್ಕದ ಮನೆಯ ಬೆಕ್ಕು. ವಾರಕ್ಕೆ ನಾಲ್ಕು ಕಾರು ಕೈ ಹಿಡಿಯುತ್ತವೆ. ಅರವತ್ತಮೂರು ಸಲಕರಣೆಗಳಿವೆ. ಅರವತ್ತನಾಲ್ಕನೆಯದು ಹತ್ತನೇ ನಂಬರಿನ ಸ್ಪ್ಯಾನರು. ಅದು ಇದೆ ಅನ್ನುವುದು ನಂಬಿಕೆ, ಕಣ್ಣಿಗೆ ಬಿದ್ದದ್ದು ಕಡಿಮೆ.

ಸದ್ದಿನ ಕಥೆ ಬೇರೆಯೇ. ತಿಂಗಳುಗಟ್ಟಲೆ ಕಟಕಟ ಅನ್ನುತ್ತಿದ್ದ ಕಾರು ಈ ಗೇಟಿನ ಎದುರು ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ, ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾದ ಹಾಗೆ. "ಆಣೆ ಮಾಡಿ ಹೇಳ್ತೀನಿ ಅಕ್ಕ, ಮನೆಯಿಂದ ಬರೋವರೆಗೂ ಹೊಡ್ಕೊಳ್ತಿತ್ತು" ಅಂತ ಕಾರಿನವರು ಕೈಮುಗಿಯುತ್ತಾರೆ. ಟಾರ್ಚಕ್ಕ ಅವರ ಜೊತೆ ಕೂತು ಬೀದಿ ಸುತ್ತುತ್ತಾರೆ. ಸದ್ದಿಲ್ಲ. ಗೇಟಿನಲ್ಲಿ ಇಳಿದು ಕಾರು ಮೂಲೆ ತಿರುಗುತ್ತಿದ್ದಂತೆ, ಕಟಕಟಕಟ.

ಮೊಬೈಲಿನಲ್ಲಿ ವೀಡಿಯೊ ನೋಡಿ ತಾವೇ ಅರ್ಧ ಬಿಚ್ಚಿ, ಉಳಿದ ಸ್ಕ್ರೂಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬರುವವರಿದ್ದಾರೆ. "ಇವು ಎಕ್ಸ್‌ಟ್ರಾ ಉಳಿದವು" ಅನ್ನುತ್ತಾರೆ, ಕಂಪನಿಯವರು ಪ್ರೀತಿಯಿಂದ ಹೆಚ್ಚಿಗೆ ಹಾಕಿದ್ದ ಹಾಗೆ. ಚಿಕ್ಕತ್ತೆಯ ಅಳಿಯನೊಬ್ಬ 'ನಾಳೆ ಬರ್ತೀನಿ' ಅಂತ ಬಿಟ್ಟುಹೋದ ಕಾರು ಐದು ತಿಂಗಳು ಅಂಗಳದಲ್ಲಿ ನಿಂತು, ಪಕ್ಕದ ಮನೆಯ ಬೆಕ್ಕು ಅದರ ಹಿಂದಿನ ಸೀಟಿನಲ್ಲಿ ಮೂರು ಮರಿ ಹಾಕಿತು. ಬಂದ ಅಳಿಯ ಕೇಳಿದ್ದು ಒಂದೇ ಮಾತು: "ಸೀಟಿನ ಮೇಲೆ ಕೂದಲು ಹೇಗೆ ಬಂತು?"

ಆದರೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಒಂದೇ ಒಂದು ವಾಕ್ಯ. ಅದನ್ನು ಹೇಳುವಾಗ ಟಾರ್ಚಕ್ಕ ಟೀ ಲೋಟದೊಳಗೆ ನೋಡುತ್ತಾರೆ.

"'ನೀವು ಮುಟ್ಟಿದ ಮೇಲೇ ಹೀಗಾಯ್ತು.' ಬ್ರೇಕ್ ಸರಿ ಮಾಡಿ ಕೊಟ್ಟಿರ್ತೀನಿ. ಆರು ತಿಂಗಳ ಮೇಲೆ ರೇಡಿಯೋ ಕೆಟ್ಟು ಹೋಗುತ್ತೆ. ನೀವು ಮುಟ್ಟಿದ ಮೇಲೇ ಅಕ್ಕ, ಅಂತಾರೆ."

"ಇವಳೇನು ಮಾಡ್ತಾಳೆ ಗೊತ್ತಾ?" ಅತ್ತೆ ನಡುವೆ ಬಾಯಿ ಹಾಕುತ್ತಾರೆ. "'ಇರಲಿ ಬಿಡಿ, ನೋಡ್ತೀನಿ' ಅಂತಾಳೆ. ಅದನ್ನೂ ಬಿಚ್ಚಿ ಕೂರ್ತಾಳೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರೆ, ಅದು ಹಳೇ ಕಥೆ. ನಮ್ಮನೆ ಎಮ್ಮೆ ತಾನೇ ಬಂದು ಬೆನ್ನು ಕೊಡುತ್ತೆ!"

"ಅತ್ತೆ!"

"ಸುಳ್ಳಾ?"

ಸುಳ್ಳಲ್ಲ. ಬೆನ್ನು ಕೊಡುವುದಕ್ಕೆ ಒಂದು ಹಳೆಯ ಕಾರಣವಿದೆ. ಬೀದಿಗೆಲ್ಲ ಗೊತ್ತಿರುವ ಕಾರಣ.

ಒಂಬತ್ತು ವರ್ಷದ ಹಿಂದೆ, ಮಾವ ತೀರಿಕೊಂಡ ಮೊದಲ ವರ್ಷ. ಒಂದು ಬೆಳಿಗ್ಗೆ ಹಸಿರು ಕಾರೊಂದರ ಮುಂದಿನ ಚಕ್ರ ಹಾಕಿ, ನಟ್ಟುಗಳನ್ನು ಬೆರಳಿನಿಂದ ತಿರುಗಿಸಿ ಕೂರಿಸಿದ್ದರು. ಇನ್ನು ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಕು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕೂಗಿದರು: "ಹಾಲು ಉಕ್ತಾ ಇದೆ, ಓಡು!" ಓಡಿದರು. ಹಾಲಿಳಿಸಿ, ಒಲೆ ಒರೆಸಿ, ಅದೇ ಕೈಯಲ್ಲಿ ಮಗಳ ಜಡೆ ಹೆಣೆದು ಶಾಲೆಗೆ ಕಳಿಸಿ ಹೊರಬಂದಾಗ ಕಾರಿನವರು ಬಂದು ನಿಂತಿದ್ದರು. "ಆಯ್ತಾ?" ನೋಡಿದರೆ ಚಕ್ರ ಇದೆ, ಐದೂ ನಟ್ಟು ಇವೆ. "ಆಯ್ತು" ಅಂದರು.

ಮೂರನೆಯ ತಿರುವಿನಲ್ಲಿ ಚಕ್ರ ಓಲಾಡಿತು. ಯಾರಿಗೂ ಏನೂ ಆಗಲಿಲ್ಲ. ಅರ್ಧ ಗಂಟೆಯಲ್ಲಿ ಕಾರಿನವರು ಚಕ್ರಕ್ಕೆ ಮುಚ್ಚುವ ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇ ವಾಪಸು ಬಂದರು. ಬೈಯಲಿಲ್ಲ. ಅದನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟರು, ಅಷ್ಟೆ.

"ಬೈದಿದ್ರೆ ಮರೀಬಹುದಿತ್ತು," ಅನ್ನುತ್ತಾರೆ ಟಾರ್ಚಕ್ಕ. "ತಪ್ಪು ನಂದೇ. ಹಾಲಿಂದಲ್ಲ, ಅತ್ತೇದಲ್ಲ. ಗ್ಯಾರೇಜಲ್ಲಿ ಹಾಲು ಉಕ್ಕಲ್ಲ, ನಿಜ. ಆದ್ರೆ ಮನೇಲಿ ಮಾಡ್ತೀನಿ ಅಂತ ಒಪ್ಕೊಂಡವಳು ನಾನಲ್ವಾ?"

ಅಂದಿನಿಂದ ಈ ಅಂಗಳದಲ್ಲಿ ಎರಡು ನಿಯಮಗಳು ಬಂದವು.

ಮೊದಲನೆಯದು ಅತ್ತೆ ಮಾಡಿದ್ದು. ಸೊಸೆ ಬಿಗಿ ಮಾಡಲು ಕೂತಾಗ ಮಾವನ ಊರುಗೋಲು ಹೊಸ್ತಿಲಿಗೆ ಅಡ್ಡ ಬೀಳುತ್ತದೆ. ಅದು ಬಿದ್ದಿರುವವರೆಗೆ ಯಾರೂ ಅವರನ್ನು ಕರೆಯುವಂತಿಲ್ಲ. ಫೋನು, ಹಾಲು, ಬಾಗಿಲು, ಗಂಡ, ಯಾವುದೂ ಇಲ್ಲ. "ಮನೆಗೆ ಬೆಂಕಿ ಬಿದ್ರೂ ಐದನೇ ನಟ್ಟು ಆದ ಮೇಲೆ ಹೇಳ್ತೀನಿ" ಅನ್ನುತ್ತಾರೆ ಅತ್ತೆ. ಹೇಳುವ ರೀತಿ ನೋಡಿದರೆ ತಮಾಷೆ ಅನ್ನಿಸುವುದಿಲ್ಲ.

ಎರಡನೆಯದು ಟಾರ್ಚಕ್ಕನದು: ಉಗುರುಬಣ್ಣ. ಅಲಂಕಾರ ಸಾಮಗ್ರಿಯ ಅಂಗಡಿಯಲ್ಲಿ ಕೆಲಸಕ್ಕಿರುವ ಮಗಳು ಯಾರೂ ಕೊಳ್ಳದೆ ಉಳಿದ ಬಣ್ಣಗಳನ್ನು ಅಮ್ಮನಿಗೆ ತಂದುಕೊಡುತ್ತಾಳೆ. ಈಗಿನದು ಕಣ್ಣು ಕುಕ್ಕುವ ಕಿತ್ತಳೆ. ಒಂದು ನಟ್ಟನ್ನು ಪೂರ್ತಿ ಬಿಗಿ ಮಾಡಿದ ಮೇಲೆಯೇ, ಒಂದು ಕ್ಷಣವೂ ಮುಂಚೆ ಅಲ್ಲ, ಅದರ ತುದಿಗೆ ಕುಂಚದಿಂದ ಚುಕ್ಕಿ ಇಡುತ್ತಾರೆ. ಮೊದಲ ನಟ್ಟಿಗೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು, ಹಾಗೆ ಐದನೆಯದಕ್ಕೆ ಐದು. ಪ್ರತಿ ನಟ್ಟಿನ ಪಕ್ಕದಲ್ಲಿ, ಚಕ್ರದ ಮೇಲೂ ಅಷ್ಟೇ ಚುಕ್ಕಿ. ನಟ್ಟಿಗೊಂದು ಮನೆ, ಮನೆಗೊಂದು ನಂಬರು.

"ಐದು ಚುಕ್ಕಿ ಕಂಡ್ರೆ ಚಕ್ರ ಮುಗೀತು ಅಂತ. ನನಗೇ ಗುರುತು. ಬೇರೆ ಯಾರಿಗೂ ಅಲ್ಲ."

ಒಂಬತ್ತು ವರ್ಷ, ಎಷ್ಟೋ ಸಾವಿರ ಚುಕ್ಕಿ. ಅವರ ಸ್ವಂತ ಉಗುರುಗಳು ಇಂದಿಗೂ ಬಣ್ಣ ಕಂಡಿಲ್ಲ. ಅಷ್ಟಾದರೂ ಬೆಳಗಿನ ಐದಕ್ಕೆ ಅದೇ ಪ್ರಶ್ನೆ ಬಂದು ಹಾಸಿಗೆಯ ಅಂಚಿನಲ್ಲಿ ಕೂರುತ್ತದೆ.

ಈ ಗುರುವಾರ ಆ ಪ್ರಶ್ನೆ ಗೇಟು ತಳ್ಳಿಕೊಂಡು ಅಂಗಳಕ್ಕೇ ಬರುತ್ತದೆ.

ಎಂಟಕ್ಕೆ ಇನ್ನೂ ಹತ್ತು ನಿಮಿಷವಿದೆ. ದಪ್ಪ ಕನ್ನಡಕದ ಗೃಹಸ್ಥರೊಬ್ಬರು ಏದುಸಿರು ಬಿಡುತ್ತಾ ಬಂದು ನಿಲ್ಲುತ್ತಾರೆ. ಅವರ ಮಗಳು ಹೋಗುವುದು ಶಾಲೆಯ ವ್ಯಾನಿನಲ್ಲಿ. ಮಂಗಳವಾರ ಆ ವ್ಯಾನಿನ ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ಬದಲಾಯಿಸಿದ್ದು ಟಾರ್ಚಕ್ಕ.

"ಬನ್ನಿ, ಬಂದು ನಿಮ್ಮ ಕೈಕೆಲಸ ನೋಡಿ," ಅನ್ನುತ್ತಾರೆ ಅವರು. "ಇಳಿಜಾರಲ್ಲಿ ಹಿಂದಿನ ಚಕ್ರ ಕಳಚ್ಕೊಳ್ತಾ ಇತ್ತು. ಹದಿನಾಲ್ಕು ಮಕ್ಕಳು ಒಳಗೆ!"

ಟಾರ್ಚಕ್ಕನ ಕೈಯಲ್ಲಿದ್ದ ಲೋಟ ಕಟ್ಟೆಯ ಮೇಲೆ ಕೂರುವುದಿಲ್ಲ, ಉರುಳುತ್ತದೆ.

ಬೀದಿಯ ತುದಿಗೆ ಮುನ್ನೂರು ಹೆಜ್ಜೆ. ಅಷ್ಟು ದೂರವೂ ಅವರ ಬಲಗೈ ಮಡಚಿಕೊಂಡೇ ಇದೆ. ಹಿಂದಿನ ಚಕ್ರ. ಮಂಗಳವಾರ ಮಧ್ಯಾಹ್ನ. ಒಂದು, ಎರಡು, ಮೂರು... ನಾಲ್ಕನೆಯದರಲ್ಲಿ ಯಾರಾದರೂ ಕರೆದರಾ? ಕೋಲು ಅಡ್ಡ ಇತ್ತಾ? ಇತ್ತು. ಇತ್ತಾ?

ವ್ಯಾನು ರಸ್ತೆಯ ಪಕ್ಕಕ್ಕೆ ವಾಲಿ ನಿಂತಿದೆ. ಮಕ್ಕಳು ಪಾದಚಾರಿ ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ಸಾಲಾಗಿ ಕೂತಿದ್ದಾರೆ. ಟಾರ್ಚಕ್ಕ ಮೊದಲು ನೋಡುವುದು ಚಕ್ರವನ್ನಲ್ಲ. ಮಕ್ಕಳನ್ನು ಎಣಿಸುತ್ತಾರೆ. ಹದಿನಾಲ್ಕು. ಇನ್ನೊಮ್ಮೆ ಎಣಿಸುತ್ತಾರೆ. ಒಬ್ಬರಿಗೂ ತರಚಿದ ಗಾಯ ಕೂಡ ಇಲ್ಲ. ಆಮೇಲೆಯೇ ಚಕ್ರದ ಕಡೆ ತಿರುಗುತ್ತಾರೆ.

ಸೇರಿದವರು ಇಪ್ಪತ್ತು ಜನರಾದರೂ ಇದ್ದಾರೆ. ಎಲ್ಲರೂ ಏಕಕಾಲಕ್ಕೆ ಮಾತಾಡುತ್ತಿದ್ದಾರೆ.

"ಮೊದಲೂ ಒಂದು ಸಲ ಹೀಗೇ ಮಾಡಿದ್ರಲ್ಲ, ಆ ಹಸಿರು ಕಾರು?"

"ಮನೇಲಿ ಕೂತು ಮಾಡೋ ಕೆಲಸಾನಾ ಇದು?"

"ಇನ್ನು ಈ ಬೀದಿಯ ಒಂದು ಗಾಡೀನೂ ಆ ಗೇಟು ದಾಟಬಾರದು," ಕನ್ನಡಕದವರು ತೀರ್ಪು ಕೊಡುತ್ತಾರೆ. "ಇವತ್ತೇ ಬರೆದು ಎಲ್ಲರ ಸಹಿ ಹಾಕಿಸ್ತೀನಿ. ಅಂಗಳದಲ್ಲಿ ಇನ್ನು ಸ್ಪ್ಯಾನರ್ ಸದ್ದು ಕೇಳಿಸಬಾರದು."

ವ್ಯಾನಿನ ಚಾಲಕ, ಮಕ್ಕಳ ಬಾಯಲ್ಲಿ ವ್ಯಾನಣ್ಣ, ಬಾಗಿಲಿಗೆ ಒರಗಿ ನಿಂತಿದ್ದಾರೆ. ಯಾರ ಮುಖವನ್ನೂ ನೋಡುತ್ತಿಲ್ಲ. "ನಾನೇನು ಹೇಳಲಿ," ಅನ್ನುತ್ತಾರೆ ಬೂಟಿಗೆ. "ರಿಪೇರಿಗೆ ಅಂತ ಕೊಟ್ಟಿದ್ದೆ. ಬಂದು ಎರಡೇ ದಿನ."

ಇಪ್ಪತ್ತೆರಡು ವರ್ಷದ ಟಾರ್ಚು ಮತ್ತು ಸ್ಪ್ಯಾನರು ಈ ಒಂದು ಬೆಳಗಿನ ತಕ್ಕಡಿಗೆ ಬಂದು ಕೂತಿವೆ. ಟಾರ್ಚಕ್ಕನ ಬಾಯಿಗೆ ಬರುವುದು ಅಭ್ಯಾಸದ ಮಾತು. "ಇರಲಿ ಬಿಡಿ. ನೋಡ್ತೀನಿ." ಇವತ್ತು ಅದನ್ನೂ ಆಡುವುದಿಲ್ಲ. ಅವರು ಮಂಡಿಯೂರುತ್ತಾರೆ.

ಐದು ನಟ್ಟುಗಳಲ್ಲಿ ಎರಡು ಉದುರಿಹೋಗಿವೆ. ಮೂರು ಉಳಿದಿವೆ, ಅವೂ ಬೆರಳಿಗೆ ಸಿಕ್ಕುವಷ್ಟು ಸಡಿಲ. ಎಲ್ಲದರ ಮೇಲೂ ರಸ್ತೆಯ ಧೂಳು ಕೂತಿದೆ. ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು ಟಾರ್ಚಕ್ಕ ಒಂದೊಂದನ್ನೇ ಒರೆಸುತ್ತಾರೆ. ಕಿತ್ತಳೆ ಬಣ್ಣ ಮಿನುಗುತ್ತದೆ. ಒರೆಸುವ ಕೈ ನಿಲ್ಲುತ್ತದೆ. ಜೇಬಿನ ಟಾರ್ಚು ಹಲ್ಲಿನ ನಡುವೆ ಬಂದು, ಅದರ ಬೆಳಕು ಆ ನಟ್ಟಿನಿಂದ ಈ ನಟ್ಟಿಗೆ, ಈ ನಟ್ಟಿನಿಂದ ಆ ನಟ್ಟಿಗೆ ಹೋಗುತ್ತದೆ. ಅವರು ತಿರುಗಿ ನೋಡುತ್ತಾರೆ, ಯಾರನ್ನೋ ಹುಡುಕುವ ಹಾಗೆ.

ಅತ್ತೆ ಆ ಹೊತ್ತಿಗೆ ಮುನ್ನೂರು ಹೆಜ್ಜೆ ಮುಗಿಸಿದ್ದಾರೆ. ಊರುಗೋಲಿನಿಂದ ಗುಂಪನ್ನು ಸೀಳಿಕೊಂಡು ಬಂದು ಸೊಸೆಯ ಹೆಗಲ ಮೇಲಿಂದ ಬಗ್ಗಿ ನೋಡುತ್ತಾರೆ. ಒಂಬತ್ತು ವರ್ಷ ಕೋಲು ಅಡ್ಡ ಹಾಕಿ ಕಾದವರಿಗೆ ಚುಕ್ಕಿಯ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

"ಓಹೋ!" ಅನ್ನುತ್ತಾರೆ. ಆ ಒಂದು ಮಾತಿಗೆ ಬೀದಿ ಸುಮ್ಮನಾಗುತ್ತದೆ. "ಕನ್ನಡಕದಪ್ಪಾ, ಬಾ ಇಲ್ಲಿ. ನಿನಗೆ ನಾಲ್ಕು ಕಣ್ಣಿವೆಯಲ್ಲ, ಬಗ್ಗು. ಈ ನಟ್ಟಿನ ಮೇಲೆ ಎಷ್ಟು ಚುಕ್ಕಿ?"

"ಅಜ್ಜಿ, ಇದೆಲ್ಲ ಈಗ..."

"ಎಣಿಸಪ್ಪ. ಮಕ್ಕಳೇ, ನೀವೂ ಬನ್ನಿ, ಇವರಿಗೆ ಬರದಿದ್ರೆ ನೀವು ಹೇಳಿ."

ಹದಿನಾಲ್ಕು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕರೆ ಬೇಕಿರಲಿಲ್ಲ. ಚಕ್ರದ ಸುತ್ತ ತಲೆಗಳು ಮುತ್ತುತ್ತವೆ.

"ಮೂರು!"

"ಪಕ್ಕದಲ್ಲಿ, ಚಕ್ರದ ಮೇಲೆ?"

"ಒಂದು!"

"ಹಾಗಾದ್ರೆ ಒಂದನೇ ನಂಬರ್ ಮನೇಲಿ ಮೂರನೇ ನಂಬರಿನವನು ಕೂತಿದ್ದಾನೆ. ಇದರಲ್ಲಿ?"

"ನಟ್ಟಿಗೆ ಐದು! ಮನೆಗೆ ಮೂರು!"

"ಇನ್ನೊಂದು?"

"ನಟ್ಟಿಗೆ ಒಂದು! ಮನೆಗೆ ಐದು!" ಕನ್ನಡಕದವರ ಮಗಳೇ ಎಲ್ಲರಿಗಿಂತ ಜೋರಾಗಿ ಕೂಗುತ್ತಾಳೆ. "ಅಪ್ಪಾ, ಎಲ್ಲರೂ ತಪ್ಪು ಮನೇಲಿ ಕೂತಿದ್ದಾರೆ!"

ಅತ್ತೆ ಕೋಲನ್ನು ನೆಲಕ್ಕೆ ಊರಿ ನೆಟ್ಟಗೆ ನಿಲ್ಲುತ್ತಾರೆ. "ಸಡಿಲಾದ ನಟ್ಟು ಬಿದ್ದು ಹೋಗುತ್ತೆ ಕಣಪ್ಪ. ಅದಕ್ಕೆ ಅಷ್ಟೇ ಗೊತ್ತು. ಎದ್ದು ಹೋಗಿ ಪಕ್ಕದ ಮನೇಲಿ ಕೂತ್ಕೊಳ್ಳುತ್ತಾ? ಯಾರೋ ಐದನ್ನೂ ಬಿಚ್ಚಿದ್ದಾರೆ, ಸಿಕ್ಕಿದ್ದನ್ನ ಸಿಕ್ಕಲ್ಲಿ ಹಾಕಿದ್ದಾರೆ. ನನ್ನ ಸೊಸೆ ಕೈ ತೆಗೆದ ಮೇಲೆ." ಒಂದು ಉಸಿರು ಬಿಟ್ಟು, ಅದೇ ದನಿಯಲ್ಲಿ ಇನ್ನೊಂದು ಮಾತು ಸೇರಿಸುತ್ತಾರೆ. "ಮತ್ತೆ ಆ ಹಸಿರು ಕಾರು ಅಂದವರು ಯಾರು? ಅವತ್ತು ಹಾಲು ಹಾಲು ಅಂತ ಅರಚಿ ಅವಳನ್ನ ಎಬ್ಬಿಸಿದ್ದು ನಾನು. ಒಂಬತ್ತು ವರ್ಷ ಅವಳೊಬ್ಬಳೇ ಬೈಸಿಕೊಂಡಳು. ಆ ಹಾಲೇನು ಉಳೀತಾ? ಅದೂ ಉಕ್ಕಿ ಹೋಯ್ತು."

ಟಾರ್ಚಕ್ಕ ತಲೆಯೆತ್ತಿ ಅತ್ತೆಯನ್ನು ನೋಡುತ್ತಾರೆ. ಈ ಮಾತನ್ನು ಅವರು ಕೇಳುತ್ತಿರುವುದು ಇದೇ ಮೊದಲು.

ಎಲ್ಲರ ಕಣ್ಣು ಮೆಲ್ಲಗೆ ವ್ಯಾನಣ್ಣನ ಕಡೆ ತಿರುಗುತ್ತದೆ. ಅವರ ಮುಖ ಬಿಳಿಚಿಕೊಂಡಿದೆ.

"ಪಂಕ್ಚರ್ ಆಗಿತ್ತು," ಅನ್ನುತ್ತಾರೆ. "ನಿನ್ನೆ ಸಂಜೆ. ಮಕ್ಕಳನ್ನ ಬಿಟ್ಟು ಬರೋವಾಗ. ದಾರೀಲಿ ಒಬ್ಬ ಚಕ್ರ ಬಿಚ್ಚಿ ಪಂಕ್ಚರ್ ಹಾಕಿ ಕೊಟ್ಟ. ಅವಸರದಲ್ಲಿದ್ದ. ನಾನೂ ಅವಸರದಲ್ಲಿದ್ದೆ, ನೋಡಲಿಲ್ಲ." ಟಾರ್ಚಕ್ಕನ ಕಡೆ ಒಂದು ಹೆಜ್ಜೆ ಇಡುತ್ತಾರೆ. "ಮರೆತಿರಲಿಲ್ಲ ಅಕ್ಕ. ಹೇಳೋಕೆ ಬಾಯಿ ಬರಲಿಲ್ಲ. ವ್ಯಾನ್ ನನ್ನದಲ್ಲ, ಕೆಲಸ ಹೋಗುತ್ತೆ ಅಂತ ಹೆದರಿದೆ. ಅಷ್ಟರಲ್ಲಿ ಇವರೆಲ್ಲ ನಿಮ್ಮ ಹೆಸರು ಹೇಳಿಬಿಟ್ರು."

ಬೇರೆಯವರಾಗಿದ್ದರೆ ಇಲ್ಲಿ ನಾಲ್ಕು ಮಾತು ಆಡುತ್ತಿದ್ದರು. ಟಾರ್ಚಕ್ಕ ಕೇಳುವುದು, "ಜಾಕು ಎಲ್ಲಿದೆ?"

ಟಾರ್ಚಕ್ಕ ತೊಟ್ಟ ಹಳೆಯ ಶರ್ಟಿನ ಜೇಬಿನಿಂದ ಎರಡು ನಟ್ಟು ಬರುತ್ತವೆ. ಅವು ಸದಾ ಅಲ್ಲಿರುತ್ತವೆ. ವ್ಯಾನಣ್ಣ ಸ್ಪ್ಯಾನರು ತಂದುಕೊಟ್ಟು ಜಾಕು ಏರಿಸುತ್ತಾರೆ. ಉಳಿದ ಮೂರನ್ನು ಟಾರ್ಚಕ್ಕ ಬಿಚ್ಚಿ, ಚಕ್ರವನ್ನೂ ಅದರ ತೂತುಗಳನ್ನೂ ಬೆರಳಾಡಿಸಿ ಪರೀಕ್ಷಿಸಿ, ಯಾವುದೂ ಸವೆದಿಲ್ಲ ಅಂತ ಖಾತ್ರಿ ಮಾಡಿಕೊಂಡು, ನಟ್ಟುಗಳನ್ನು ಅವವುಗಳ ಮನೆಗೆ ಕಳಿಸುತ್ತಾರೆ. ಕನ್ನಡಕದವರು ಏನೋ ಹೇಳಲು ಬಾಯಿ ತೆರೆಯುತ್ತಾರೆ. ಅತ್ತೆಯ ಕೋಲು ರಸ್ತೆಗೆ ಅಡ್ಡ ಬೀಳುತ್ತದೆ.

"ಶ್! ಬಿಗಿ ಮಾಡ್ತಿದ್ದಾಳೆ."

ಒಂದು ಇಡೀ ಬೀದಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತದೆ. ಹಿಂದೆ ಬಂದ ಎರಡು ಸ್ಕೂಟರು, ಒಂದು ತರಕಾರಿ ಗಾಡಿ, ಎಂಜಿನ್ ನಿಲ್ಲಿಸಿ ಕಾಯುತ್ತವೆ. ಅಂಗಡಿ ಬಿಟ್ಟು ಓಡಿಬಂದ ಟೈಲರ್ ಗಂಡ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಗುಂಪಿನ ಹಿಂದೆ ತುದಿಗಾಲಲ್ಲಿ ನಿಂತಿದ್ದಾರೆ. ಸ್ಪ್ಯಾನರಿನ ಮೇಲೆ ಟಾರ್ಚಕ್ಕನ ಪೂರ್ತಿ ಭಾರ ಬೀಳುತ್ತದೆ. ಒಂದು. ಎದುರಿನದು. ಅದರ ಓರೆಯದು. ಮೂಲೆಯಿಂದ ಮೂಲೆಗೆ, ಐದೂ. ಜಾಕು ಇಳಿಸಿ ಮತ್ತೊಂದು ಸುತ್ತು. ಆಮೇಲೆ ಜೇಬಿನಿಂದ ಪುಟ್ಟ ಬಾಟಲಿ ಹೊರಬರುತ್ತದೆ. ಅವರು ಚುಕ್ಕಿ ಇಡುತ್ತಾ ಹೋದ ಹಾಗೆ ಮಕ್ಕಳು ತಾವಾಗಿಯೇ, ಪಿಸು ದನಿಯಲ್ಲಿ ಎಣಿಸುತ್ತಾರೆ. ಕೊನೆಯ ಚುಕ್ಕಿಗೆ ಪಿಸು ದನಿ ಮರೆತೇ ಹೋಗುತ್ತದೆ. "ಐದೂ!" ಅನ್ನುವ ಕೂಗಿಗೆ ಎದುರು ಮನೆಯ ಕಿಟಕಿಗಳು ತೆರೆದುಕೊಳ್ಳುತ್ತವೆ. ಕನ್ನಡಕದವರ ಮಗಳು ತನ್ನ ಹೆಬ್ಬೆರಳು ಮುಂದೆ ಚಾಚುತ್ತಾಳೆ. ಅದರ ಉಗುರಿಗೂ ಒಂದು ಚುಕ್ಕಿ ಬೀಳುತ್ತದೆ. ಆಮೇಲೆ ಉಳಿದ ಹದಿಮೂರು ಹೆಬ್ಬೆರಳು.

ಉಳಿದ ಮೂರು ಚಕ್ರಗಳನ್ನೂ ಟಾರ್ಚಕ್ಕ ಸುತ್ತಿ ಬರುತ್ತಾರೆ. ಎಲ್ಲ ನಟ್ಟೂ ಅದರದರ ಮನೆಯಲ್ಲಿದೆ. ಹಾಕಿದ ಹಾಗೇ ಇದೆ. ಒಂದರ ಮೇಲೆ ಸ್ಪ್ಯಾನರ್ ಇಟ್ಟು ಒತ್ತಿದರೆ ಕೂದಲೆಳೆಯಷ್ಟೂ ಕದಲುವುದಿಲ್ಲ.

ವ್ಯಾನು ಹೊರಡುತ್ತದೆ. ಹಿಂದಿನ ಗಾಜಿನಲ್ಲಿ ಹದಿನಾಲ್ಕು ಕಿತ್ತಳೆ ಹೆಬ್ಬೆರಳುಗಳು ಕುಣಿಯುತ್ತವೆ. ಜನ ಚದುರುವ ಹೊತ್ತಿಗೆ ಕನ್ನಡಕದವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಾರೆ.

"ತಪ್ಪಾಯ್ತು ಅಕ್ಕ. ಮಗು ಒಳಗಿತ್ತಲ್ಲ, ಬಾಯಿಗೆ ಬಂದದ್ದು ಅಂದೆ. ಸಹಿ ಗಿಹಿ ಎಲ್ಲ ಬಿಡಿ. ಭಾನುವಾರ ನನ್ನ ಕಾರನ್ನೂ ಒಂದ್ಸಲ ತರ್ತೀನಿ, ಎರಡೇ ನಿಮಿಷ."

ಅತ್ತೆ ಆಕಾಶ ನೋಡುತ್ತಾರೆ.

"ಆದ್ರೆ ಒಂದು ಕೇಳಲಾ? ನಾವೆಲ್ಲ ಅಷ್ಟು ಕೂಗಾಡಿದ್ವಿ. ನೀವು ಒಂದು ಮಾತೂ ಆಡಲಿಲ್ಲವಲ್ಲ?"

ಟಾರ್ಚಕ್ಕನ ನಾಲಗೆಯ ತುದಿಗೆ 'ಇರಲಿ ಬಿಡಿ' ಬಂದು ನಿಲ್ಲುತ್ತದೆ. ಇಪ್ಪತ್ತೆರಡು ವರ್ಷದಿಂದ ಅದಕ್ಕೆ ದಾರಿ ಗೊತ್ತು. ಗಂಡ, ಅತ್ತೆ, ವ್ಯಾನು ಹೋದ ದಿಕ್ಕು, ಒಂದೊಂದನ್ನೇ ನೋಡುತ್ತಾರೆ. ಸ್ಪ್ಯಾನರ್ ಹಿಡಿದ ಹಾಗೆ ಮತ್ತೆ ಮಡಚಿಕೊಂಡಿದ್ದ ಬಲಗೈ ಬಿಚ್ಚಿಕೊಳ್ಳುತ್ತದೆ. ಬೆಳಗಿನ ಐದು ಗಂಟೆಗೆ ಯಾರಿಗೂ ಕೇಳಿಸದಂತೆ ಕೇಳಿಕೊಂಡ ಪ್ರಶ್ನೆಗೆ, ಎಂಟೂಮುಕ್ಕಾಲಿಗೆ, ನಡುಬೀದಿಯಲ್ಲಿ, ಎದುರು ಮನೆಯ ಕಿಟಕಿಗಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ಉತ್ತರ ಬರುತ್ತದೆ.

"ನಾನು ಬಿಗಿ ಮಾಡಿದ್ದೆ. ಐದನ್ನೂ."